ಟೊಮೆಟೊ ಬೇರಿಗೆ ಬ್ಯಾಕ್ಟೀರಿಯಾ: ನನ್ನ ಅನುಭವ

ಮೊದಲ ಸಲ ಅಜೋಸ್ಪಿರಿಲಮ್ ಎಂಬ ಬ್ಯಾಕ್ಟೀರಿಯಾದ ಪುಡಿ ತಂದಾಗ ಅದನ್ನು ಗೊಬ್ಬರ ಅಂತಲೇ ತಿಳಿದಿದ್ದೆ. ಪ್ಯಾಕೆಟ್‌ಗಳು ತಗಡಿನ ಶೆಡ್ಡಿನಲ್ಲಿ ಎರಡು ತಿಂಗಳು ಬಿದ್ದಿದ್ದವು. ಆಮೇಲೆ ಮಟಮಟ ಮಧ್ಯಾಹ್ನ ಟೊಮೆಟೊ ಸಾಲಿಗೆ ಎರಚಿದೆ. ಸಾಲದ್ದಕ್ಕೆ ಮಾರನೇ ದಿನವೇ ಗಿಡದ ಬುಡಕ್ಕೆ ತಾಮ್ರದ ಔಷಧಿ ಹಾಕಿದೆ. ಬೆಳೆಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಪ್ಯಾಕೆಟ್ಟಿನಲ್ಲಿದ್ದದ್ದು ಜೀವ, ಅಲ್ವಾ? ಅದು ಬದುಕುವ ಹಾಗೆ ನಾನು ನೋಡಿಕೊಂಡಿರಲಿಲ್ಲ.

ಮುಂದಿನ ಬೆಳೆಗೆ ತಯಾರಾದ ದಿನ, ಮುಗಿಯುವ ದಿನ ಎರಡನ್ನೂ ನೋಡಿ ತಂದೆ. ತಂಪಾದ ಜಾಗದಲ್ಲಿಟ್ಟೆ. ನಾಟಿಗೆ ಎರಡು ವಾರ ಮೊದಲು ರಂಜಕ ಕರಗಿಸುವ ಬ್ಯಾಕ್ಟೀರಿಯಾದ 2 ಕೆಜಿ ಪುಡಿಯನ್ನು 100 ಕೆಜಿ ಚೆನ್ನಾಗಿ ಕಳಿತ ಕಾಂಪೋಸ್ಟ್‌ಗೆ ಬೆರೆಸಿದೆ. ನೆರಳಿನಲ್ಲಿ ಗುಡ್ಡೆ ಮಾಡಿ, ಒದ್ದೆ ಗೋಣಿಚೀಲ ಹೊದಿಸಿದೆ. ಆಗಾಗ ತಿರುವಿ ಹಾಕಿ, ತೇವ ಆರದಂತೆ ನೀರು ಚಿಮುಕಿಸಿದೆ. ಈ ಕೆಲಸಕ್ಕೆ ಸೋಮಾರಿತನ ಮಾಡಬಾರದು. ಪುಡಿಯಲ್ಲಿದ್ದ ಬ್ಯಾಕ್ಟೀರಿಯಾ ಹೆಚ್ಚುವುದು ಇಲ್ಲೇ.

ನಾಟಿಯ ಸಂಜೆ 10 ಲೀಟರ್ ನೀರಿಗೆ ಕಾಲು ಕೆಜಿ ಅಜೋಸ್ಪಿರಿಲಮ್ ಕಲಸಿ, ಸಸಿಗಳ ಬೇರನ್ನು 20 ನಿಮಿಷ ಅದ್ದಿಟ್ಟೆ. ತೆಗೆದ ಕೂಡಲೇ ನೆಟ್ಟು ನೀರು ಕೊಟ್ಟೆ. ನಾಲ್ಕು ಸಾಲಿನ ಸಸಿಗಳನ್ನು ಮಾತ್ರ ಅದ್ದದೆ ನೆಟ್ಟೆ. ಹೋಲಿಸಿ ನೋಡದಿದ್ದರೆ ಸುಮ್ನೆ ನಂಬಬೇಕಾಗುತ್ತದೆ.

ಒಂದು ತಿಂಗಳಾದ ಮೇಲೆ ಎರಡೂ ಕಡೆಯಿಂದ ಒಂದೊಂದು ಗಿಡ ಅಗೆದೆ. ಮೇಲೆ ನೋಡಿದರೆ ಅಂಥ ವ್ಯತ್ಯಾಸವಿರಲಿಲ್ಲ. ಆದರೆ ಅದ್ದಿದ ಗಿಡದ ಬೇರು! ಕೂದಲಿನಂಥ ಬಿಳಿ ಬೇರುಗಳು ದಟ್ಟವಾಗಿದ್ದವು, ಕೊಡವಿದರೂ ಮಣ್ಣು ಬಿಡುತ್ತಿರಲಿಲ್ಲ. ಅಜೋಸ್ಪಿರಿಲಮ್ ಗಾಳಿಯ ಸಾರಜನಕವನ್ನು ಹಿಡಿಯುವುದಲ್ಲದೆ, ಬೇರು ಕವಲೊಡೆಯಲು ನೆರವಾಗುವ ಆಕ್ಸಿನ್ ಎಂಬ ಹಾರ್ಮೋನನ್ನೂ ಬಿಡುತ್ತದೆ. ತರಕಾರಿಯಲ್ಲಿ ನನಗೆ ಜಾಸ್ತಿ ಉಪಯೋಗ ಕಂಡದ್ದು ಈ ಎರಡನೆಯದರಿಂದ. ರಂಜಕದ ಬ್ಯಾಕ್ಟೀರಿಯಾ ಆಮ್ಲ ಬಿಟ್ಟು, ಮಣ್ಣಿನ ಸುಣ್ಣದ ಜೊತೆ ಗಟ್ಟಿಯಾಗಿ ಕೂತ ರಂಜಕವನ್ನು ಕರಗಿಸುತ್ತದೆ.

ಹಾಗಂತ ಯೂರಿಯಾ ಪೂರ್ತಿ ಬಿಡಲಾಗಲಿಲ್ಲ. ಕಾಲು ಭಾಗ ಕಡಿಮೆ ಮಾಡಿದ ಸಾಲು ಚೆನ್ನಾಗಿಯೇ ಬಂತು. ಅರ್ಧಕ್ಕೆ ಇಳಿಸಿದ ಸಾಲಿನಲ್ಲಿ ಕೆಳಗಿನ ಎಲೆ ಹಳದಿಯಾಯಿತು.

ಈಗ ಬೀನ್ಸ್ ಹಾಕಿದ್ದೇನೆ. ಅದಕ್ಕೆ ಬೇರಿನಲ್ಲಿ ಗಂಟು ಕಟ್ಟುವ ರೈಜೋಬಿಯಂ ಬ್ಯಾಕ್ಟೀರಿಯಾ ಬೇಕು, ಅದೂ ಬೀನ್ಸ್‌ಗೆ ಹೊಂದುವ ತಳಿಯೇ ಆಗಬೇಕು. ನಿನ್ನೆ ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿದೆ. ಒಳಗೆ ನಸುಗೆಂಪು ಬಣ್ಣವಿತ್ತು. ಅಂದರೆ ಬ್ಯಾಕ್ಟೀರಿಯಾ ಕೆಲಸ ಶುರುಮಾಡಿದೆ.