ಕಾಫಿ ಕಪ್ಪಿಂಗ್ ಟೇಬಲ್ ಮೇಲೆ ವಿಸ್ಕಿ, ಜಿನ್: ನನ್ನ ಅನುಭವ

"ದುಡ್ಡು ಉಗೀತಾ ಇದ್ದೀಯಲ್ಲ ಮಾರಾಯ!"

ಎರಡೂವರೆ ವರ್ಷದ ಹಿಂದೆ ನಮ್ಮ ಮನೆ ಜಗಲಿಯಲ್ಲಿ ಗೆಳೆಯನೊಬ್ಬ ಹೀಗೆ ಅಂದಿದ್ದ. ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯ ಬಾರ್ಲಿ ವಿಸ್ಕಿ) ಬಾಯಿಗೆ ಹಾಕಿ, ನಾಲಿಗೆ ತುಂಬಾ ಆಡಿಸಿ, ಸ್ಟೀಲ್ ಡಬ್ಬಿಗೆ ಉಗುಳುತ್ತಿದ್ದೆ. ಅವನಿಗೆ ಸಂಕಟ. ಈ ದೀಪಾವಳಿ ಕಳೆದ ವಾರ ಅದೇ ಗೆಳೆಯ ತನ್ನದೇ ಒಂದು ಡಬ್ಬಿ ತಂದು ಟೇಬಲ್ ಮುಂದೆ ಕೂತ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕಡೆ, ಕಾಫಿ ಕಪ್ಪಿಂಗ್ ಮಾಡುವವನು. ಕಪ್ಪಿಂಗ್ ಅಂದರೆ ಕಾಫಿ ಮೂಸಿ, ಚಮಚದಿಂದ ಎಳೆದು ರುಚಿ ಪರೀಕ್ಷಿಸುವುದು. ನಮ್ಮಲ್ಲಿ ಮೂರು ಕಪ್‌ನ ಪರೀಕ್ಷೆ ಅಂತ ಇದೆ. ಎರಡರಲ್ಲಿ ಒಂದೇ ಕಾಫಿ, ಒಂದರಲ್ಲಿ ಬೇರೆ. ಬೇರೆ ಯಾವುದು ಅಂತ ಹೇಳಬೇಕು, ಅಷ್ಟೇ. ಲೇಬಲ್ ಕಾಣುವುದಿಲ್ಲ, ರೇಟು ಗೊತ್ತಿರುವುದಿಲ್ಲ. ಇದನ್ನೇ ವಿಸ್ಕಿಗೆ, ಜಿನ್‌ಗೆ ಯಾಕೆ ಮಾಡಬಾರದು ಅಂತ ಹೊರಟೆ.

ಮೊದಲ ವರ್ಷ ಪೂರ್ತಿ ನೀರಿನಲ್ಲಿ ಹೋಮ. ನಾಲ್ಕು ಜನ ಸೇರಿ ದುಡ್ಡು ಹಾಕಿ ಆರು ಬಾಟಲಿ ತಂದೆವು. ಸುಮಾರು 22 ಸಾವಿರ. ಒಂದೇ ಸಂಜೆ ಆರನ್ನೂ ಸಾಲಾಗಿ ಇಟ್ಟೆವು. ಮೂರನೆಯದಕ್ಕೇ ನಾಲಿಗೆ ಜೋಮು ಹಿಡಿಯಿತು. ನಾಲ್ಕನೆಯದರಿಂದ ಎಲ್ಲವೂ "ಚೆನ್ನಾಗಿದೆ". ಮಾರನೇ ದಿನ ಪುಸ್ತಕ ತೆಗೆದು ನೋಡಿದರೆ ನನ್ನ ಅಕ್ಷರ ನನಗೇ ಓದಲು ಬರಲಿಲ್ಲ.

ಆಮೇಲೆ ಒಂದೊಂದಾಗಿ ತಪ್ಪು ಗೊತ್ತಾಗುತ್ತಾ ಹೋಯಿತು. ಒಂದು ಸಲ ಎಲ್ಲ ಲೋಟದಲ್ಲೂ ನಿಂಬೆಹಣ್ಣಿನ ವಾಸನೆ. ಪಾತ್ರೆ ತೊಳೆಯುವ ಸೋಪಿನದು! ಈಗ ಬರೀ ಬಿಸಿನೀರು, ಬಟ್ಟೆಯಲ್ಲೂ ಒರೆಸುವುದಿಲ್ಲ, ಬೋರಲು ಹಾಕಿ ಒಣಗಿಸುತ್ತೇನೆ. ಇನ್ನೊಂದು ಸಲ ಪಕ್ಕದ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಿದ್ದರು. ಹೊಗೆಯೇ ಇಲ್ಲದ ಮಾಲ್ಟ್‌ಗೆ ನಾಲ್ಕೂ ಜನ "ಹೊಗೆ ಇದೆ" ಅಂತ ಬರೆದಿದ್ದೆವು. ಮಳೆಗಾಲದಲ್ಲಿ ಹಂಡೆ ಒಲೆಗೆ ಹಸಿ ಸೌದೆ ಹಾಕುವ ನಮ್ಮಂಥ ಮನೆಗಳಲ್ಲಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಬೇಡವೇ ಬೇಡ. ಮೂಗೂ ಕಟ್ಟಿರುತ್ತದೆ.

ಅತಿ ಜಾಸ್ತಿ ನಷ್ಟ ಆಗಿದ್ದು ಅರ್ಧ ಖಾಲಿ ಬಾಟಲಿಗಳಿಂದ. ಹೆಂಚಿನ ಕೆಳಗಿನ ಅಲಮಾರಿನಲ್ಲಿ ಇಟ್ಟಿದ್ದ ಎರಡು ಮಾಲ್ಟ್ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಸಪ್ಪೆ ಆದವು. ಒಳಗೆ ಗಾಳಿ ಜಾಸ್ತಿ, ಮೇಲಿಂದ ಶಾಖ. ಈಗ ಬಾಟಲಿ ತೆರೆದ ದಿನವೇ ಹೋಮಿಯೋಪತಿ ಅಂಗಡಿಯ 30 ಎಂಎಲ್ ಗಾಜಿನ ಸೀಸೆಗಳಿಗೆ ಕಂಠದವರೆಗೆ ತುಂಬಿಸಿಡುತ್ತೇನೆ. 750 ಎಂಎಲ್ ಬಾಟಲಿಗೆ 25 ಸೀಸೆ. ಪ್ಲಾಸ್ಟಿಕ್ ಸೀಸೆ ಬೇಡ, ನಾನು ಮಾಡಿ ಕೈ ಸುಟ್ಟುಕೊಂಡಿದ್ದೇನೆ.

ಕೆಲಸ ನಿಜವಾಗಿ ಹಿಡಿತಕ್ಕೆ ಬಂದಿದ್ದು ನೀರಿನ ಲೆಕ್ಕ ಕಲಿತ ಮೇಲೆ. ಅಮೃತ್ ಫ್ಯೂಷನ್ ಅನ್ನುವ ಮಾಲ್ಟ್‌ನಲ್ಲಿ ಆಲ್ಕೋಹಾಲ್ 50 ಪರ್ಸೆಂಟ್, ಪಾಲ್ ಜಾನ್ ಬ್ರಿಲಿಯನ್ಸ್ ಮಾಲ್ಟ್‌ನಲ್ಲಿ 46, ನಮ್ಮ ದೇಶದ ಎಷ್ಟೋ ಬ್ಲೆಂಡು (ಬೆರಕೆ ವಿಸ್ಕಿ), ಜಿನ್ನು 42.8. ಹಾಗೇ ಪಕ್ಕಪಕ್ಕ ಇಟ್ಟರೆ ಉರಿಯಲ್ಲೇ ಗುರುತು ಸಿಕ್ಕಿಬಿಡುತ್ತದೆ. ಅದು ರುಚಿ ಗುರುತಿಸಿದ ಹಾಗೆ ಅಲ್ಲ, ಅಲ್ವಾ? ಮೆಡಿಕಲ್ ಶಾಪ್‌ನಿಂದ ಸೂಜಿ ಇಲ್ಲದ 10 ಎಂಎಲ್ ಸಿರಿಂಜ್ ತಂದೆ. 20 ಎಂಎಲ್ ಫ್ಯೂಷನ್‌ಗೆ 5 ಎಂಎಲ್ ನೀರು, ಬ್ರಿಲಿಯನ್ಸ್‌ಗೆ 3, 42.8 ಇದ್ದದ್ದಕ್ಕೆ ಒಂದೂವರೆಗೆ ಚೂರು ಕಡಿಮೆ. ಎಲ್ಲ 40ಕ್ಕೆ ಇಳಿಯಿತು. ಮೂಸುವುದಕ್ಕೆ ಮಾತ್ರ ಇನ್ನೂ ಇಳಿಸಿ 20ರ ಹತ್ತಿರ ತರುತ್ತೇನೆ. ಸ್ಕಾಟ್ಲೆಂಡಿನಲ್ಲಿ ಬ್ಲೆಂಡ್ ಮಾಡುವವರೂ ಹೆಚ್ಚುಕಡಿಮೆ ಇಷ್ಟಕ್ಕೇ ಇಳಿಸಿ ಮೂಸುತ್ತಾರೆ. ಆಗ ಕಾಫಿಯ ಹಾಗೆ ಚಮಚದಿಂದ ಸೊರ್ ಅಂತ ಎಳೆದರೂ ಗಂಟಲು ಸುಡುವುದಿಲ್ಲ.

ಲೋಟಕ್ಕೆ ಹಾಕುವವಳು ನನ್ನ ಹೆಂಡತಿ. ಅವಳು ಕುಡಿಯುವುದಿಲ್ಲ, ಆದರೆ ಮೂಗು ಬಲು ಚುರುಕು. ಲೋಟದ ತಳಕ್ಕೆ ನಂಬರ್ ಅಂಟಿಸಿ, 10 ಎಂಎಲ್ ಹಾಕಿ, ತಟ್ಟೆ ಮುಚ್ಚಿ ತಂದಿಡುತ್ತಾಳೆ. ಸಂಜೆಗೆ ಮೂರೇ ಸುತ್ತು. ಮೂರು ಸಂಜೆಗೆ ಒಂಬತ್ತು. ಕಣ್ಣುಮುಚ್ಚಿ ಊಹಿಸಿದರೂ ಒಂಬತ್ತರಲ್ಲಿ ಮೂರು ಸರಿ ಬೀಳುತ್ತದೆ. ಅದಕ್ಕಿಂತ ತುಂಬಾ ಜಾಸ್ತಿ ಬಂದರೆ ಮಾತ್ರ ಲೆಕ್ಕ.

ಮೊದಲ ದೊಡ್ಡ ಪರೀಕ್ಷೆಗೆ ಪಾಲ್ ಜಾನ್ ಬ್ರಿಲಿಯನ್ಸ್ ಮತ್ತು ಎಡಿಟೆಡ್ ಆರಿಸಿಕೊಂಡೆ. ಎರಡೂ ಗೋವಾದ ಒಂದೇ ಡಿಸ್ಟಿಲರಿಯವು, ಎರಡೂ 46. ಬ್ರಿಲಿಯನ್ಸ್‌ನಲ್ಲಿ ಪೀಟ್ ಹೊಗೆ (ಬಾರ್ಲಿ ಒಣಗಿಸಲು ಸುಡುವ ಜೌಗು ಮಣ್ಣಿನದು) ಇಲ್ಲ, ಎಡಿಟೆಡ್‌ನಲ್ಲಿ ಸ್ವಲ್ಪ ಇದೆ. ನನಗೆ ಒಂಬತ್ತಕ್ಕೆ ಎಂಟು ಸರಿ ಬಂತು. ಎಡಿಟೆಡ್‌ನಲ್ಲಿ ಮೊದಲು ಜೇನು, ಕೊನೆಯಲ್ಲಿ ಅಡುಗೆಮನೆ ಅಟ್ಟದ ಮೇಲಿಟ್ಟ ಹಳೇ ಬುಟ್ಟಿ ಮೂಸಿದ ಹಾಗೆ ಒಂದು ಎಳೆ ಹೊಗೆ. ಸ್ಕಾಟ್ಲೆಂಡಿನ ಐಲಾ ದ್ವೀಪದ ಲಫ್ರೋಯ್ಗ್ ಮಾಲ್ಟ್‌ನ ಹೊಗೆ ಹೀಗಲ್ಲ, ಅದು ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್. ಅದನ್ನು ಯಾವತ್ತೂ ಕೊನೆಗೇ ಇಡಿ.

ಗೆಳೆಯ ಹತ್ತು ವರ್ಷದಿಂದ ಒಂದೇ ಬ್ಲೆಂಡಿಗೆ ಅಂಟಿಕೊಂಡವನು. ಅದರ ಅರ್ಧ ಬೆಲೆಯದನ್ನು ಮುಟ್ಟುತ್ತಲೂ ಇರಲಿಲ್ಲ. ಅವೆರಡನ್ನೇ ಇಟ್ಟೆ. ಒಂಬತ್ತಕ್ಕೆ ಮೂರು ಬಂತು. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಇನ್ನೊಂದ್ ಸಲ ಇಡು ಮಾರಾಯ" ಅಂದ. ಎರಡನೇ ಸಲವೂ ನಾಲ್ಕು ದಾಟಲಿಲ್ಲ. "ಹನ್ನೆರಡು ವರ್ಷದ್ದು ಅಂತ ಬರೆಯದಿದ್ದರೆ ಮಾಲ್ಟೇ ಅಲ್ಲ" ಅಂತಲೂ ಅವನ ವಾದ ಇತ್ತು. ಬೆಂಗಳೂರಿನ ಸೆಕೆಯಲ್ಲಿ ಪೀಪಾಯಿಯಿಂದ ವರ್ಷಕ್ಕೆ 10–12 ಪರ್ಸೆಂಟ್ ಆವಿಯಾಗುತ್ತದೆ, ಸ್ಕಾಟ್ಲೆಂಡಿನಲ್ಲಿ 2ರ ಆಸುಪಾಸು. ಇಲ್ಲಿ ಮಾಲ್ಟ್ ಬೇಗ ಮಾಗುತ್ತದೆ, ವರ್ಷ ಎಣಿಸಿ ಹೋಲಿಸುವ ಹಾಗಿಲ್ಲ. 2004ರಲ್ಲಿ ಬೆಂಗಳೂರಿನ ಅಮೃತ್‌ನವರು ತಮ್ಮ ಮಾಲ್ಟನ್ನು ಮೊದಲು ಬಿಟ್ಟಿದ್ದೇ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಬಾಯಲ್ಲಿ ಹೇಳಿದಾಗ ಒಪ್ಪದವನು ಫ್ಯೂಷನ್ ಲೋಟ ಮುಗಿಸಿ ಒಪ್ಪಿದ.

ಜಿನ್ ವಿಷಯಕ್ಕೆ ಬಂದರೆ, ಟಾನಿಕ್ ವಾಟರ್ ಹಾಕಿ ಹೋಲಿಸಿದ ಆರು ತಿಂಗಳು ದಂಡ. ಸಕ್ಕರೆ, ಕ್ವಿನೈನ್ ಕಹಿಯಲ್ಲಿ ಎಲ್ಲ ಮುಳುಗಿಹೋಗುತ್ತದೆ. ಐಸ್ ಕೂಡ ಬೇಡ. ಸಮಸಮ ನೀರು ಬೆರೆಸಿ, ಕೋಣೆಯ ಬಿಸಿಯಲ್ಲೇ ಮೂಸಬೇಕು. ನೀರು ಬಿದ್ದ ಕೂಡಲೇ ಕೆಲವು ಜಿನ್ ಮಂಜು ಕವಿದ ಹಾಗೆ ಆಗುತ್ತವೆ. ಒಮ್ಮೆ ಕೆಟ್ಟಿದೆ ಅಂದುಕೊಂಡು ಕಾಲು ಬಾಟಲಿ ಸಿಂಕಿಗೆ ಸುರಿದೆ. ಅದು ಜುನಿಪರ್ (ಜಿನ್‌ಗೆ ಮುಖ್ಯ ಘಮ ಕೊಡುವ ಕಾಯಿ) ಮುಂತಾದವುಗಳ ಎಣ್ಣೆ ಅಂತ ಆಮೇಲೆ ಗೊತ್ತಾಯಿತು. ಈಗಲೂ ಹೊಟ್ಟೆ ಉರಿಯುತ್ತದೆ. ಗ್ರೇಟರ್ ದ್ಯಾನ್ ಅನ್ನುವ ಜಿನ್‌ನಲ್ಲಿ ಸೋಂಪು ಇದೆ ಅಂತ ಸುಮ್ನೆ ಮೂಸಿಯೇ ಹೇಳಿದವಳು ನನ್ನ ಹೆಂಡತಿ. ನಿಜಕ್ಕೂ ಇದೆ. ಹಪುಸಾ ಅನ್ನುವ ಇನ್ನೊಂದು ಜಿನ್‌ನ ಹೆಸರೇ ಜುನಿಪರ್‌ನ ಸಂಸ್ಕೃತ ಹೆಸರಿನಿಂದ ಬಂದದ್ದು, ಅದರಲ್ಲಿ ಅರಿಶಿನವೂ ಇದೆ. ಅವೆರಡನ್ನೂ ಇಟ್ಟಾಗ ನನಗೆ ಒಂಬತ್ತಕ್ಕೆ ಒಂಬತ್ತು.

ನಡುವೆ ತೋಟದ ಸಾಮಾನೂ ಜಿನ್‌ಗೆ ಹಾಕಿ ನೋಡಿದೆ. 180 ಎಂಎಲ್‌ಗೆ ಎರಡು ಏಲಕ್ಕಿ ಜಜ್ಜಿ ರಾತ್ರಿಯಿಡೀ ಬಿಟ್ಟರೆ ಪಾಯಸ. ಒಂದೇ ಏಲಕ್ಕಿ, ಎರಡು ಗಂಟೆ ಸಾಕು. ಕಿತ್ತಳೆ ಸಿಪ್ಪೆ, ಒಳಗಿನ ಬಿಳಿ ತೆಗೆದು ಆರು ಗಂಟೆ, ಬಹಳ ಚೆನ್ನಾಗಿ ಬಂತು. ಕಾಫಿ ಹೂವಿನ ಮೇಲೆ ಭಾರೀ ಆಸೆ ಇತ್ತು. ಹೂಮಳೆ ಬಿದ್ದು ತೋಟವೆಲ್ಲ ಮಲ್ಲಿಗೆ ಥರ ಘಮ್ ಅನ್ನುವಾಗ ಕಿತ್ತು ಹಾಕಿದೆ. ಬಂದದ್ದು ಹಸಿ ಹುಲ್ಲಿನ ವಾಸನೆ. ಬರುವ ಹೂವಿಗೆ ಬೇರೆ ಥರ ಮಾಡುತ್ತೇನೆ, ಆದ ಮೇಲೆ ಹೇಳುತ್ತೇನೆ.

ಸುತ್ತಿನ ನಡುವೆ ಕಾಫಿ ಬೀಜ ಮೂಸಿದರೆ ಮೂಗು ಸರಿಯಾಗುತ್ತದೆ ಅಂತಾರೆ. ದಿನವಿಡೀ ಕಾಫಿ ಮೂಸುವ ನನಗೆ ಅದರಿಂದ ಏನೂ ಆಗಿಲ್ಲ. ನಾನು ಮೂಸುವುದು ಬೇರೆ ಒಂದು, ಎಲ್ಲರ ಮನೆಯಲ್ಲೂ ಇರುವಂಥದ್ದೇ. ಅದನ್ನು ಇಲ್ಲಿ ಬರೆಯುವುದಿಲ್ಲ.

ಇಲ್ಲಿಯವರೆಗೆ ಹನ್ನೊಂದು ಬಾಟಲಿ, ನಾಲ್ಕು ಜನರಿಂದ 40 ಸಾವಿರದ ಮೇಲೆ ಖರ್ಚಾಗಿದೆ. ಮೊದಲ ಆರಕ್ಕಿಂತ ಆಮೇಲಿನ ಐದರಲ್ಲೇ ಜಾಸ್ತಿ ಕಲಿತೆವು. ಮುಂದಿನ ಸುತ್ತಿಗೆ ಫ್ಯೂಷನ್ ಎದುರು ಪಾಲ್ ಜಾನ್ ಬೋಲ್ಡ್. ಎರಡರಲ್ಲೂ ಹೊಗೆ ಇದೆ, ಹಾಗಾಗಿ ಸುಲಭ ಇಲ್ಲ. ಸೀಸೆ ತುಂಬಿಸಿ ಆಗಿದೆ. ಅರೇಬಿಕಾ ಕೊಯ್ಲು ಮುಗಿದು ಗೆಳೆಯನಿಗೆ ಬಿಡುವಾದ ಮೊದಲ ಭಾನುವಾರ ಕೂರುತ್ತೇವೆ.