ಕಲಬುರಗಿ ಬಿಸಿಲಲ್ಲಿ ಮೀನಿನ ತತ್ತಿ, ಥೈರಮ್ ಮತ್ತು ನನ್ನ ಮೂರು ಬೇಸಿಗೆ

"ಏನ್ರಿ ಸರ, ಈ ಬಿಸಿಲಾಗ ಜೀಬ್ರಾ ಮೀನ ತತ್ತಿ ಇಡ್ತಾವೇನ್ರಿ?" ಅಂತ ನಮ್ಮ ಲ್ಯಾಬ್ ಅಟೆಂಡರ್ ಕೇಳಿದ್ದ. ಬೆಂಗಳೂರಿನ ಗೆಳೆಯರು ಅದನ್ನೇ ಸ್ವಲ್ಪ ನಾಜೂಕಾಗಿ ಹೇಳಿದರು: ತತ್ತಿ ಇಲ್ಲಿಂದಲೇ ಒಯ್ಯಿ, ಅಲ್ಲಿ ಆಗಲ್ಲ. ಬೀಜಕ್ಕೆ ಹಚ್ಚುವ ಥೈರಮ್ ಎಂಬ ಶಿಲೀಂಧ್ರನಾಶಕ ಮೀನಿನ ಭ್ರೂಣಕ್ಕೆ ಏನು ಮಾಡುತ್ತದೆ ಅಂತ ನೋಡುವುದು ನನ್ನ ಕೆಲಸ. ತತ್ತಿ ಫಲಿತವಾದ ಮೂರು ಗಂಟೆಯೊಳಗೆ ಪರೀಕ್ಷೆ ಶುರುವಾಗಬೇಕು. ರಾತ್ರಿ ರೈಲಲ್ಲಿ ತಂದರೆ ಇಲ್ಲಿಗೆ ಮುಟ್ಟುವಷ್ಟರಲ್ಲಿ ಭ್ರೂಣಕ್ಕೆ ಸೋಮೈಟ್, ಅಂದರೆ ಬೆನ್ನಿನುದ್ದದ ಖಂಡಗಳು, ಮೂಡಿರುತ್ತವೆ. ಆಮೇಲೆ ಏನು ಪರೀಕ್ಷೆ ಮಾಡೋದು, ಅಲ್ವಾ?

ಒಇಸಿಡಿ 236, ಅಂದರೆ ಮೀನಿನ ಭ್ರೂಣದ ಮೇಲೆ ವಿಷ ಪರೀಕ್ಷೆ ಮಾಡುವ ಅಂತರರಾಷ್ಟ್ರೀಯ ವಿಧಾನ, ಓದಿದವರಿಗೆ ಗೊತ್ತು, ನೀರು 26 ಡಿಗ್ರಿ, ಆಚೀಚೆ 1. ನಮ್ಮಲ್ಲಿ ಮೇ ತಿಂಗಳಲ್ಲಿ 43. ಮೊದಲ ಬೇಸಿಗೆ ಸುಮಾರು 18 ಸಾವಿರ ಕೊಟ್ಟು ಇನ್‌ಕ್ಯುಬೇಟರ್ ಕೊಂಡೆ. ಅದು ಬಿಸಿ ಮಾಡುತ್ತದೆ, ತಂಪು ಮಾಡಲ್ಲ. ಕೊಂಡ ಮೇಲೆ ಹೊಳೆಯಿತು. ನಗಬೇಡಿ. ಎರಡನೇ ಬೇಸಿಗೆ ದೊಡ್ಡ ಥರ್ಮೋಕೋಲ್ ಪೆಟ್ಟಿಗೆ, ಹಳೆ ಕಂಪ್ಯೂಟರಿನ ಫ್ಯಾನು, ಕೋಳಿಮರಿ ಮಾಡುವವರು ಬಳಸುವ 400 ರೂಪಾಯಿಯ ಥರ್ಮೋಸ್ಟಾಟ್, ಮತ್ತೆ ಮಂಜುಗಟ್ಟಿದ ನೀರಿನ ಬಾಟಲಿ. ಆರು ಗಂಟೆಗೊಮ್ಮೆ ಬಾಟಲಿ ಬದಲಿಸಬೇಕು, ರಾತ್ರಿ ಎರಡಕ್ಕೂ ಏಳಬೇಕು. ಮನೆಯ ಫ್ರೀಜರ್‌ನಲ್ಲಿ ನಾಲ್ಕು ದಿನ ಬಾಟಲಿ ಬಿಟ್ಟು ಬೇರೇನೂ ಇರಲಿಲ್ಲ, ಅದರ ಬಗ್ಗೆ ಮನೆಯಲ್ಲಿ ನಡೆದ ಮಾತು ಇಲ್ಲಿ ಬೇಡ. ಆದರೆ 25.5ರಿಂದ 27ರೊಳಗೆ ನಿಂತಿತು.

ನೀರು ಇನ್ನೊಂದು ತಲೆನೋವು. ಬೋರ್ ನೀರಿನ ಟಿಡಿಎಸ್ (ಕರಗಿದ ಲವಣದ ಅಳತೆ) 1100ರ ಹತ್ತಿರ, ಆರ್‌ಒ ನೀರಿನದು 40. ಬೋರ್ ನೀರಲ್ಲಿ ಕಂಟ್ರೋಲ್‌ನ, ಅಂದರೆ ಔಷಧ ಹಾಕದೆ ಹೋಲಿಕೆಗೆ ಇಟ್ಟ, 20ರಲ್ಲಿ ಆರು ತತ್ತಿ ಬೆಳ್ಳಗಾಗಿ ಸತ್ತವು. ಕಂಟ್ರೋಲ್‌ನಲ್ಲೇ ಶೇ. 10ಕ್ಕಿಂತ ಜಾಸ್ತಿ ಸತ್ತರೆ ಆ ಬ್ಯಾಚ್ ಕಸಕ್ಕೆ. ಎರಡನ್ನೂ ಬೆರೆಸಿದೆ. ಎಷ್ಟಕ್ಕೆ ಎಷ್ಟು ಅಂತ ನಿಮ್ಮ ಬೋರ್ ನೋಡಿಕೊಂಡು ನೀವೇ ಹುಡುಕಿ. ಮೀನು ಹೈದರಾಬಾದಿನಿಂದ ತಂದೆ, ಒಂದಕ್ಕೆ 12 ರೂಪಾಯಿ ಇರಬೇಕು. ತತ್ತಿ ಮೀನಿನ ಬಾಯಿಗೆ ಸಿಗದಂತೆ ತೊಟ್ಟಿಯ ತಳಕ್ಕೆ ಗಾಜಿನ ಗೋಲಿ, ಬೆಳಿಗ್ಗೆ ಲೈಟು ಹಾಕಿದ ಅರ್ಧ ಗಂಟೆಗೆ ತತ್ತಿ. ಹಿಂದಿನ ಸಂಜೆ ಹೆಣ್ಣು ಮೀನಿಗೆ ಏನು ತಿನ್ನಿಸುತ್ತೇನೆ ಅನ್ನೋದು ಮಾತ್ರ ಬರೆಯಲ್ಲ.

ಥೈರಮ್ ಯಾಕೆ? ನೆಟೆ ರೋಗಕ್ಕೆ ಹೆದರಿ ನಮ್ಮ ಕಡೆ ತೊಗರಿ ಬೀಜಕ್ಕೆ ಹಚ್ಚುವುದು ಅದನ್ನೇ, ಕಿಲೋಗೆ 2 ಗ್ರಾಂ, ಜೊತೆಗೆ 1 ಗ್ರಾಂ ಕಾರ್ಬೆಂಡಜಿಮ್ ಎಂಬ ಇನ್ನೊಂದು ಶಿಲೀಂಧ್ರನಾಶಕ. ಮೊದಲು ಅಂಗಡಿಯ ಪೊಟ್ಟಣವನ್ನೇ ನೀರಿಗೆ ಹಾಕಿದೆ. ಪುಡಿ ತಳಕ್ಕೆ ಕೂರುತ್ತದೆ, ಒಂದೇ ಪ್ಲೇಟಿನಲ್ಲಿ ಒಂದು ಭ್ರೂಣ ಡೊಂಕು, ಪಕ್ಕದ್ದು ಸರಿ. ಒಂದು ತಿಂಗಳು ಹೋಯಿತು. ಕೊನೆಗೆ ಶುದ್ಧ ಥೈರಮ್ ತರಿಸಿದೆ, ಚಿಕ್ಕ ಬಾಟಲಿಗೆ 9 ಸಾವಿರದ ಆಸುಪಾಸು, ಕರಗಿಸಲು ಡಿಎಂಎಸ್‌ಒ, ಲೀಟರಿಗೆ 0.1 ಮಿಲಿಲೀಟರ್ ದಾಟದಂತೆ.

ಆದರೂ 96 ಗಂಟೆಗೆ ಸತ್ತವು ಏನೂ ಇಲ್ಲ! ವಿದ್ಯಾರ್ಥಿನಿ ಬೇಸರದಿಂದ ಪ್ಲೇಟ್ ತೊಳೆಯಲು ಹೊರಟಿದ್ದಳು. ಸುಮ್ನೆ ಮುಂದಿನ ಬ್ಯಾಚನ್ನು 28 ಗಂಟೆಗೇ ಮೈಕ್ರೋಸ್ಕೋಪ್ ಕೆಳಗೆ ಇಟ್ಟೆ. ನೋಟೋಕಾರ್ಡ್, ಅಂದರೆ ಬೆನ್ನೆಲುಬಿಗೂ ಮೊದಲು ಮೂಡುವ ದಂಡ, ನೆಟ್ಟಗಿಲ್ಲ, ಮಳೆಗಾಲದ ಎರೆಹುಳದ ಹಾಗೆ ಅಂಕುಡೊಂಕು. ಲೀಟರಿಗೆ 10-20 ಮೈಕ್ರೋಗ್ರಾಂನಲ್ಲೇ. ನಾನು ಇಷ್ಟು ದಿನ ಹೆಣ ಎಣಿಸುತ್ತಿದ್ದೆ, ನೋಡಬೇಕಾಗಿದ್ದು ಡೊಂಕು. ಥೈರಮ್ ತಾಮ್ರವನ್ನು ಹಿಡಿದುಕೊಳ್ಳುತ್ತದೆ, ತಾಮ್ರ ಸಿಗದೆ ನೋಟೋಕಾರ್ಡಿನ ಹೊದಿಕೆ ಗಟ್ಟಿಯಾಗಲ್ಲ. ಆ ಮೇಲೆ ಮೂರು ಬ್ಯಾಚ್ ಮಾಡಿದೆ, ಮೂರೂ ಒಂದೇ ಥರ. ಬೆಂಗಳೂರಿಗೆ ಫೋಟೋ ಕಳಿಸಿದೆ. ಉತ್ತರ ಬರಲು ಎರಡು ದಿನ ಹಿಡಿಯಿತು, ಅದರ ಸುಖವೇ ಬೇರೆ.

ನಡುವೆ ಒಂದು ಚಟ. ಭ್ರೂಣ ಮೈ ಎಳೆದಾಡಿದಾಗಲೇ ಈ ಡೊಂಕು ಜಾಸ್ತಿಯಾಗುತ್ತದೆ ಅಂತ ಓದಿದ್ದೆ. ಹೊರದೇಶದವರು ಟ್ರೈಕೇನ್ ಎಂಬ ಮೀನಿನ ಅರಿವಳಿಕೆ ಹಾಕಿ ಮಲಗಿಸುತ್ತಾರೆ, ನಾನು 18ನೇ ಗಂಟೆಗೆ ಅಂಗಡಿಯ ಲವಂಗದೆಣ್ಣೆ ಹಾಕಿದೆ. ಅರ್ಧ ಪ್ಲೇಟು ಸತ್ತಿತು, ಎಣ್ಣೆ ಜಾಸ್ತಿಯಾಗಿತ್ತು. ಉಳಿದವು ಮಾತ್ರ ಬಹುತೇಕ ನೆಟ್ಟಗಿದ್ದವು.

ಈ ಬೇಸಿಗೆ ಮಾವನ ಹೊಲದಿಂದ ಥೈರಮ್ ಬೀಜೋಪಚಾರ ಮಾಡಿದ ಡ್ರಮ್ಮು ತೊಳೆದ ನೀರು ತಂದೆ. ಹಳ್ಳದ ದಂಡೆಯಲ್ಲೇ ತೊಳೆಯುವುದು ನಮ್ಮಲ್ಲಿ ರೂಢಿ. ಸಾವಿರ ಪಟ್ಟು ನೀರು ಬೆರೆಸಿದರೂ ಭ್ರೂಣ ಡೊಂಕಾದವು. ಹೋಲಿಕೆಗೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಹಚ್ಚಿದ ಡ್ರಮ್ಮಿನ ನೀರನ್ನೂ ಇಟ್ಟೆ, ತತ್ತಿ ಮೇಲೆಲ್ಲ ಬೂಜು ಹತ್ತಿ ನಾರಿತು, ಅದರ ಲೆಕ್ಕ ಸಿಗಲಿಲ್ಲ. ಮುಂದಿನ ಸಲ ಸೋಸಿ ನೋಡಬೇಕು. ಮೂರು ವರ್ಷದ ಖರ್ಚು ಒಟ್ಟು 55-60 ಸಾವಿರ, ಅದರಲ್ಲಿ ಇನ್‌ಕ್ಯುಬೇಟರ್ ಈಗ ಚಳಿಗಾಲಕ್ಕೆ ಮಾತ್ರ. ಮಾವ ಡ್ರಮ್ಮನ್ನು ಈಗ ಹೊಲದ ಮೂಲೆಯ ಗುಂಡಿಯ ಹತ್ತಿರ ತೊಳೆಯುತ್ತಾರೆ, ಫೋಟೋ ನೋಡಿದ ಮೇಲೆ.