ಮೊದಲು ನೀರು, ಆಮೇಲೆ ಕೈ

ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಬೆಳಿಗ್ಗೆ ಐದೂವರೆಗೆಲ್ಲ ಬಕೆಟ್ ಸದ್ದು ಶುರುವಾಗುತ್ತದೆ. ಒಬ್ಬ ಹುಡುಗ, ಒಂದು ಬಕೆಟ್, ಒಂದು ಬಟ್ಟೆ, ಇಪ್ಪತ್ತೆರಡು ಕಾರು. ಹತ್ತನೇ ಕಾರಿಗೆ ಬರುವ ಹೊತ್ತಿಗೆ ನೀರು ಟೀ ಬಣ್ಣಕ್ಕೆ ತಿರುಗಿರುತ್ತದೆ. ಅವನನ್ನು ಬೈದು ಏನು ಪ್ರಯೋಜನ? ಏಳು ಗಂಟೆಯೊಳಗೆ ಎಲ್ಲ ಮುಗಿಸು ಅನ್ನುವವರು ನಾವೇ ಅಲ್ವಾ?

ನಾನೇನೂ ಕಮ್ಮಿ ಇರಲಿಲ್ಲ. ಕಪ್ಪು ಕಾರು ತಗೊಂಡ ಹೊಸತರಲ್ಲಿ ದಿನಾ ಆಫೀಸಿಗೆ ಹೊರಡುವ ಮುಂಚೆ ಹಳದಿ ಬಟ್ಟೆಯಲ್ಲಿ ಒಣಧೂಳು ಒರೆಸುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು. ಒಂದು ರಾತ್ರಿ ಪೆಟ್ರೋಲ್ ಬಂಕಿನ ಬಿಳಿ ದೀಪದ ಕೆಳಗೆ ನಿಂತಾಗ ಬಾನೆಟ್ ತುಂಬ ಜೇಡರ ಬಲೆ ಕಂಡಿತು. ಕೈಯಲ್ಲಿ ಒರೆಸಿದೆ, ಹೋಗಲಿಲ್ಲ. ಉಗುರಿಗೂ ಸಿಗದ ಸಾವಿರಾರು ಸಣ್ಣ ಗೀರುಗಳು, ದೀಪದ ಸುತ್ತ ಸುತ್ತಿಕೊಂಡ ಹಾಗೆ ಕಾಣುತ್ತಿದ್ದವು.

ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಒಂದು ಪಾರದರ್ಶಕ ಪದರ ಇರುತ್ತದೆ. ದಪ್ಪ ಸುಮಾರು 40–50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ರಸ್ತೆ ಧೂಳಿನಲ್ಲಿರುವ ಮರಳಿನ ಕಣ ಅದಕ್ಕಿಂತ ಎಷ್ಟೋ ಗಟ್ಟಿ. ಧೂಳಿನ ಮೇಲೆ ಬಟ್ಟೆ ಇಟ್ಟು ಉಜ್ಜಿದರೆ ಅದು ಉಪ್ಪುಕಾಗದವೇ ಸರಿ. ಬಟ್ಟೆ ಎಷ್ಟು ಮೆತ್ತಗಿದ್ದರೂ ಅಷ್ಟೇ.

ಕೈ ಹಚ್ಚುವ ಮುಂಚೆ

ನೆರಳಿನಲ್ಲಿ ನಿಲ್ಲಿಸಿ. ಬಾನೆಟ್ ಮೇಲೆ ಅಂಗೈ ಇಡಿ, ಬಿಸಿ ಇದ್ದರೆ ಕಾಯಿರಿ. ಬಿಸಿ ತಗಡಿನ ಮೇಲೆ ಸೋಪು ನೊರೆ ಅಲ್ಲೇ ಒಣಗಿ ಕಲೆ ಕೂರುತ್ತದೆ. ಚಕ್ರಗಳನ್ನು ಮೊದಲೇ ತೊಳೆದು ಮುಗಿಸಿ. ಅದಕ್ಕೆ ಬೇರೆ ಬಟ್ಟೆ, ಬೇರೆ ಬಕೆಟ್. ಬ್ರೇಕಿನ ಧೂಳಿನಲ್ಲಿ ಕಬ್ಬಿಣದ ಪುಡಿ ಇರುತ್ತದೆ, ಆ ಬಟ್ಟೆ ಕಾರಿನ ಮೈಗೆ ತಾಗಲೇಬಾರದು.

ಇನ್ನು ಎಲ್ಲರೂ ಎಡವುವ ಜಾಗ. ಕಾರಿಗೆ ಒಂದು ಚೊಂಬು ನೀರು ಎರಚಿ ತಕ್ಷಣ ಬಟ್ಟೆ ಹಾಕುತ್ತಾರೆ. ಧೂಳು ಒದ್ದೆಯಾಗಿರುತ್ತದೆ ಅಷ್ಟೇ, ಹೋಗಿರುವುದಿಲ್ಲ. ಅದನ್ನು ಮುಟ್ಟದೆ ಇಳಿಸಬೇಕು. ನನ್ನ ಹತ್ತಿರ ಇರುವುದು ಗಿಡಗಳಿಗೆ ಸಿಂಪಡಿಸುವ 5 ಲೀಟರಿನ ಕೈಪಂಪು. ಹೊಸದೇ ಕೊಳ್ಳಿ, ತೋಟದಲ್ಲಿ ಔಷಧಿ ಹೊಡೆದದ್ದು ಬೇಡ. ನೀರಿಗೆ ಒಂದು ಮುಚ್ಚಳ ಕಾರ್ ಶಾಂಪೂ ಹಾಕಿ ಪೂರ್ತಿ ಸಿಂಪಡಿಸಿ. ನಾಲ್ಕೈದು ನಿಮಿಷ ನೆನೆಯಲಿ, ಒಣಗಲು ಬಿಡಬೇಡಿ. ಬಾಗಿಲಿನ ಕೆಳಭಾಗಕ್ಕೆ, ಹಿಂದಿನ ಬಂಪರಿಗೆ ಎರಡನೇ ಸಲ ಹೊಡೆಯಿರಿ. ಮಳೆಗಾಲದಲ್ಲಿ ಊರಿಗೆ ಹೋಗಿ ಬಂದ ಕಾರಿಗೆ ಮೂರನೇ ಸಲವೂ ಬೇಕು. ಆ ಕೆಂಪು ಮಣ್ಣು ಅಷ್ಟು ಸುಲಭಕ್ಕೆ ಬಿಡುವ ಜಾತಿಯದಲ್ಲ.

ಆಮೇಲೆ ಮೇಲಿನಿಂದ ಕೆಳಕ್ಕೆ ನೀರು ಹಾಯಿಸಿ. ಬಂಪರಿನಿಂದ ಬೀಳುವ ನೀರನ್ನು ನೋಡುತ್ತಿರಿ. ಮೊದಲು ಕೆಂಪಗೆ, ಆಮೇಲೆ ಮಬ್ಬು, ಕೊನೆಗೆ ತಿಳಿ. ತಿಳಿಯಾಗುವ ತನಕ ಕಾರು ಮುಟ್ಟಬೇಡಿ. ಪ್ರೆಶರ್ ವಾಷರ್ ಇದ್ದರೆ ಒಂದೂವರೆ ಅಡಿ ದೂರ ಹಿಡಿಯಿರಿ. ಕಲ್ಲು ಸಿಡಿದು ಬಣ್ಣ ಎದ್ದ ಜಾಗಕ್ಕೆ ಹತ್ತಿರದಿಂದ ಹೊಡೆದರೆ ಸುತ್ತಲಿನ ಬಣ್ಣವೂ ಎದ್ದು ಬರುತ್ತದೆ.

ಹಕ್ಕಿ ಹಿಕ್ಕೆ ಒಣಗಿದ್ದರೆ ಉಗುರಲ್ಲಿ ಕೆರೆಯಬೇಡಿ. ಒದ್ದೆ ಟಿಶ್ಯೂ ಅದರ ಮೇಲೆ ಹತ್ತು ನಿಮಿಷ ಮಲಗಿಸಿ, ಆಮೇಲೆ ಎತ್ತಿದರೆ ತಾನೇ ಬರುತ್ತದೆ.

ನೀರಿನ ಮಾತು ಬಂತು, ಹೇಳಿಬಿಡುತ್ತೇನೆ. ಹೋಸ್ ಬಿಟ್ಟುಕೊಂಡು ನಿಲ್ಲುವ ಕಾಲ ಇದಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಿತ್ತು. ಕೈಪಂಪು, ಬಕೆಟ್ ಸೇರಿ ನಲವತ್ತು ಲೀಟರಿನಲ್ಲಿ ನನ್ನ ಕೆಲಸ ಮುಗಿಯುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ, ಅದರಲ್ಲಿ ಗಡಸುತನ, ಅಂದರೆ ಸುಣ್ಣದಂಥ ಲವಣ, ಇಲ್ಲವೆಂದೇ ಹೇಳಬಹುದು. ತುಂಬ ಜನ ಆರ್‌ಓ ಫಿಲ್ಟರ್ ಹೊರಚೆಲ್ಲುವ ತ್ಯಾಜ್ಯ ನೀರನ್ನು ಕಾರಿಗೆ ಬಳಸುತ್ತಾರೆ. ಉಳಿತಾಯ ನಿಜ. ಆದರೆ ಫಿಲ್ಟರ್ ತೆಗೆದುಹಾಕಿದ ಲವಣವೆಲ್ಲ ಇರುವುದು ಅದರಲ್ಲೇ. ಚಕ್ರಕ್ಕೆ, ಮೊದಲ ಸಲ ಮಣ್ಣು ಇಳಿಸಲಿಕ್ಕೆ ಸಾಕು, ಕೊನೆಯ ನೀರಾಗಿ ಬೇಡವೇ ಬೇಡ.

ಎರಡು ಬಕೆಟ್ಟಿನ ಲೆಕ್ಕ

ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ತೊಳೆಯುವ ಕೈಗವಸನ್ನು ಶಾಂಪೂ ನೀರಿನಲ್ಲಿ ಅದ್ದಿ, ಒಂದು ಭಾಗ ತೊಳೆದು, ಬರೀ ನೀರಿನಲ್ಲಿ ಜಾಲಿಸಿ, ಹಿಂಡಿ, ಮತ್ತೆ ಶಾಂಪೂಗೆ. ಬರೀ ನೀರಿನ ಬಕೆಟ್ಟಿನ ತಳಕ್ಕೆ ಒಂದು ಜಾಲರಿ ಬೇಕು, ಕೆಳಗಿಳಿದ ಮಣ್ಣು ಮತ್ತೆ ಮೇಲೇಳಬಾರದು. ಅದಕ್ಕೆಂದೇ ಮಾರುವ ಜಾಲರಿ ಸಿಗುತ್ತದೆ. ನಾನು ತರಕಾರಿ ತೊಳೆಯುವ ಪ್ಲಾಸ್ಟಿಕ್ ಜರಡಿಯನ್ನು ಬೋರಲು ಹಾಕಿದ್ದೇನೆ. ಅಡುಗೆಮನೆಯಲ್ಲಿ ಅದನ್ನು ಹುಡುಕುವುದು ಈಗ ನಿಂತಿದೆ. ಮೊದಲ ಸಲ ಕೆಲಸ ಮುಗಿಸಿ ನೀರು ಚೆಲ್ಲಿದ ಮೇಲೆ ಬಕೆಟ್ಟಿನ ತಳ ಸವರಿ ನೋಡಿ, ಬೆರಳಿಗೆ ರವೆಯ ಹಾಗೆ ಸಿಗುತ್ತದೆ.

ಬಳಸಬೇಕಾದ್ದು ಉದ್ದ ಎಳೆಗಳಿರುವ ಮೈಕ್ರೋಫೈಬರ್ ಕೈಗವಸು. ಎಳೆಗಳ ಸಂದಿಗೆ ಮಣ್ಣು ಸರಿದುಕೊಳ್ಳುತ್ತದೆ. ಸ್ಪಂಜಿನಲ್ಲಿ ಆ ಜಾಗವಿಲ್ಲ, ಕಣ ಬಣ್ಣಕ್ಕೇ ಒತ್ತಿಕೊಂಡು ಓಡಾಡುತ್ತದೆ. ಹಳೆ ಬನಿಯನ್ನು, ಪಂಚೆಯ ತುಂಡು, ತೆಂಗಿನ ನಾರು ಇವೆಲ್ಲ ಸೈಕಲ್ಲಿಗೆ ಇರಲಿ.

ಕ್ರಮ ಹೀಗೆ: ಛಾವಣಿ, ಗಾಜು, ಬಾನೆಟ್, ಬಾಗಿಲಿನ ಮೇಲರ್ಧ. ಕೆಳಭಾಗ, ಹಿಂಬದಿ ಕೊನೆಗೆ. ಕೈ ನೇರವಾಗಿ ಹೋಗಲಿ, ದೋಸೆ ಹುಯ್ದ ಹಾಗೆ ಸುತ್ತಬೇಡಿ. ಒತ್ತಲೂಬೇಡಿ, ಕೈಗವಸಿನ ಭಾರವೇ ಸಾಕು. ಕೈಗವಸು ನೆಲಕ್ಕೆ ಬಿತ್ತು ಅಂದರೆ ಅವತ್ತಿಗೆ ಅದರ ಕೆಲಸ ಮುಗಿಯಿತು. ಸುಮ್ನೆ ಕೊಡವಿ ಮತ್ತೆ ಹಚ್ಚುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ.

ಪಾತ್ರೆ ತೊಳೆಯುವ ದ್ರವ ಜಿಡ್ಡಿನ ಜೊತೆ ಕಾರಿನ ಬಣ್ಣ ಕಾಯುವ ವ್ಯಾಕ್ಸ್ ಪದರವನ್ನೂ ತೆಗೆಯುತ್ತದೆ. ಬಟ್ಟೆ ಸೋಪಿನ ಪುಡಿ ಇನ್ನೂ ಕೆಟ್ಟದ್ದು, ಕರಗದ ಹರಳು ಉಳಿದರೆ ಅದೂ ಗೀರುತ್ತದೆ. ಡೀಸೆಲ್ ಬಟ್ಟೆಯಲ್ಲಿ ಒರೆಸಿ ಹೊಳಪು ಬರಿಸುವ ಡ್ರೈವರುಗಳು ಇನ್ನೂ ಇದ್ದಾರೆ. ಹೊಳಪು ಸಂಜೆವರೆಗೆ, ಆಮೇಲೆ ಊರ ಧೂಳೆಲ್ಲ ಬಂದು ಅಂಟುತ್ತದೆ. ಸಿಗ್ನಲ್ಲಿನಲ್ಲಿ ಮಾರುವ ಉದ್ದ ಹಿಡಿಯ ಡಸ್ಟರಿಗೆ ನನ್ನ ಮನೆಯಲ್ಲಿ ಪ್ರವೇಶವಿಲ್ಲ.

ಒರೆಸಬೇಡಿ, ಒತ್ತಿ

ಇಷ್ಟೆಲ್ಲ ಮಾಡಿ ಒಣಗಿಸುವಾಗ ಕೆಡಿಸುವವರೇ ಜಾಸ್ತಿ. ತಾನೇ ಒಣಗಲಿ ಅಂತ ಬಿಟ್ಟರೆ ಬೋರ್‌ವೆಲ್ ನೀರಿನ ಸುಣ್ಣ ಬಿಳಿ ಚುಕ್ಕೆಯಾಗಿ ಕೂರುತ್ತದೆ. ಬಿಸಿಲಿಗೆ ಬಿದ್ದರಂತೂ ಅದು ಬಣ್ಣಕ್ಕೇ ಕಚ್ಚಿಕೊಳ್ಳುತ್ತದೆ.

ಮೊದಲು ಮಗ್ಗಿನಿಂದ ಛಾವಣಿಯ ಮೇಲೆ ನಿಧಾನವಾಗಿ, ಧಾರೆ ಕಡಿಯದ ಹಾಗೆ ನೀರು ಸುರಿಯಿರಿ. ಹಾಳೆಯಂತೆ ಇಳಿಯುವ ನೀರು ಹನಿಗಳನ್ನೂ ಎಳೆದುಕೊಂಡು ಹೋಗುತ್ತದೆ. ಅರ್ಧ ಕೆಲಸ ಅಲ್ಲೇ ಆಯಿತು. ಆಮೇಲೆ ದಪ್ಪನೆಯ ಮೈಕ್ರೋಫೈಬರ್ ಟವೆಲ್, 800 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ ಗ್ರಾಂನಲ್ಲಿ) ಮೇಲಿನದು. ಅದನ್ನು ಬಾನೆಟ್ ಮೇಲೆ ಹಾಸಿ. ಅಂಗೈಯಿಂದ ತಟ್ಟಿ, ಎತ್ತಿ, ಪಕ್ಕಕ್ಕೆ ಹಾಸಿ. ಮಗುವಿನ ತಲೆ ಒರೆಸುವಾಗ ತಟ್ಟುತ್ತೀರಲ್ಲ, ಹಾಗೆ. ಹಳದಿ ಶ್ಯಾಮಿ ಬಟ್ಟೆ ನೀರನ್ನೇನೋ ಚೆನ್ನಾಗಿ ಹೀರುತ್ತದೆ. ಆದರೆ ಅದರ ಮೈ ನುಣುಪು, ಉಳಿದ ಒಂದು ಮರಳಿನ ಕಣಕ್ಕೆ ಅಡಗಲು ಜಾಗವಿಲ್ಲ. ಗಾಜಿಗೆ ಮಾತ್ರ ಬಳಸುತ್ತೇನೆ.

ಕನ್ನಡಿ, ಹಿಡಿಕೆ, ನಂಬರ್ ಪ್ಲೇಟಿನ ಸಂದಿಯಿಂದ ನೀರು ಸೋರುತ್ತಲೇ ಇರುತ್ತದೆ. ಬೀದಿಯಲ್ಲಿ ಒಂದು ಸುತ್ತು ಹೋಗಿ ಬಂದು ಆ ಹನಿಗಳನ್ನು ಒತ್ತಿ ತೆಗೆಯಿರಿ. ಬ್ರೇಕೂ ಒಣಗುತ್ತದೆ. ಟವೆಲ್ಲುಗಳನ್ನು ಬೇರೆ ಬಟ್ಟೆ ಜೊತೆ ಒಗೆಯಬೇಡಿ. ಬಟ್ಟೆಗೆ ಪರಿಮಳ ಕೊಡುವ ಕಂಡೀಷನರ್ ಹಾಕಿದರೆ ಎಳೆಗಳು ಮೆತ್ತಿಕೊಂಡು ನೀರು ಹೀರುವುದನ್ನೇ ಬಿಡುತ್ತವೆ.

ಬೇಸ್‌ಮೆಂಟಿನ ಹುಡುಗನಿಗೆ ತಿಂಗಳ ದುಡ್ಡು ಮೊದಲಿನಷ್ಟೇ ಕೊಡುತ್ತೇನೆ. ಅವನ ಪಾಲಿಗೆ ಒಳಗಿನ ಮ್ಯಾಟು, ಗಾಜು, ಚಕ್ರ. ಬಾಡಿ ಮುಟ್ಟಬೇಡಪ್ಪ ಅಂದಾಗ ಒಮ್ಮೆ ನನ್ನನ್ನು, ಒಮ್ಮೆ ಕಾರನ್ನು ನೋಡಿದ.

ಬಾಕಿ ಇರುವುದು ಆಯುಧ ಪೂಜೆ. ಒದ್ದೆ ಅರಿಸಿನ ಬಿಳಿ ಕಾರಿನ ಮೇಲೆ ಹಳದಿ ಕಲೆ ಬಿಡಬಹುದು. ಬಂಪರಿಗೆ ಕಟ್ಟಿದ ಬಾಳೆಕಂದು ಗಾಡಿ ಓಡುವಾಗ ಉಜ್ಜುತ್ತದೆ, ಪೂಜೆ ಮುಗಿದ ತಕ್ಷಣ ಬಿಚ್ಚಿ. ವಿಭೂತಿ, ಕುಂಕುಮವನ್ನು ಮರುದಿನ ಒಣಬಟ್ಟೆಯಲ್ಲಿ ಒರೆಸದೆ ನೀರಿನಲ್ಲೇ ಇಳಿಸಿ. ಎಲ್ಲವನ್ನೂ ಗಾಜಿಗೇ ಹಚ್ಚೋಣ ಅಂದದ್ದಕ್ಕೆ ನಮ್ಮಮ್ಮ ಒಪ್ಪಲಿಲ್ಲ. ವಿಭೂತಿ ಗಾಜಿಗೆ, ಬಾನೆಟ್ಟಿಗೆ ಒಂದೇ ಒಂದು ಬೊಟ್ಟು ಅಂತ ರಾಜಿಯಾಗಿದೆ.